ದಂತ ಶಿಬಿರಕ್ಕೊಬ್ಬ ಧೈರ್ಯವಂತ

ಪ್ರಪಂಚದಲ್ಲಿ ಹೆದರಬೇಕಾದ ಸಂಗತಿಗಳು ಸಾವಿರ ಇರಬಹುದು. ನಮ್ಮ ಗಡಿಯಾರ ರಿಪೇರಿಯವನಿಗೆ ಎರಡೇ ಸಾಕಾಗಿದ್ದವು: ಹಲ್ಲಿನ ಡಾಕ್ಟರು ಮತ್ತು ಹೆಂಡತಿ. ಈಗ ಆ ಎರಡೂ ಒಟ್ಟಿಗೆ ಸೇರಿಕೊಂಡಿದ್ದವು. ಸೇವಾ ಕ್ಲಬ್ಬಿಗೆ ಹೊಸದಾಗಿ ಅಧ್ಯಕ್ಷೆಯಾದ ಅವನ ಹೆಂಡತಿ ತನ್ನ ಮೊದಲ ಸೇವಾಕಾರ್ಯವೆಂದು ಉಚಿತ ದಂತ ಚಿಕಿತ್ಸಾ ಶಿಬಿರ ಘೋಷಿಸಿಬಿಟ್ಟಿದ್ದಳು.

ಅವನ ಬಲದವಡೆಯ ಹಲ್ಲೊಂದು ಹುಳುಕಾಗಿ ತಿಂಗಳುಗಳೇ ಕಳೆದಿದ್ದವು. ದಿಂಬು ಕಚ್ಚಿಕೊಂಡು ಮಲಗುತ್ತಿದ್ದನೇ ಹೊರತು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. (ಬಿಟ್ಟರೆ ತಾನೇ ಹಲ್ಲು ಕಾಣುವುದು.) ದಿನವಿಡೀ ಚಿಮುಟ ಹಿಡಿದು ಊರವರ ಗಡಿಯಾರಗಳ ಹೊಟ್ಟೆ ಬಗೆಯುವವನಿಗೆ, ತನ್ನ ಬಾಯೊಳಗೆ ಇನ್ನೊಬ್ಬರ ಇಕ್ಕಳ ಬರುವುದನ್ನು ನೆನೆದರೆ ಅಂಗೈ ಒದ್ದೆಯಾಗುತ್ತಿತ್ತು. ಅದಕ್ಕೇ ಪ್ರಚಾರದ ಹೊಣೆಯನ್ನು ತಾನೇ ಮೇಲೆ ಬಿದ್ದು ವಹಿಸಿಕೊಂಡ. ಅದು ಹಿಂದಿನ ದಿನವೇ ಮುಗಿಯುವ ಕೆಲಸ. ಶಿಬಿರದ ದಿನ ಅಂಗಡಿಯಲ್ಲಿ ತಲೆಮರೆಸಿಕೊಂಡರಾಯಿತು.

ವ್ಯಾನಿಗೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತಿದ. ಎಲ್ಲರೂ ಬನ್ನಿ, ಎಲ್ಲವೂ ಉಚಿತ ಎಂದಷ್ಟೇ ಹೆಂಡತಿ ಹೇಳಿಕೊಟ್ಟಿದ್ದಳು. ಅವನಿಗೆ ಅದು ಸಾಲದೆನಿಸಿತು. ತನ್ನಂಥ ಅಂಜುಬುರುಕರಿಗೆ ನಾಲ್ಕು ಧೈರ್ಯದ ಮಾತು ಬೇಡವೇ?

"ಯಾರೂ ಹೆದರಬೇಡಿ. ಒದ್ದಾಡಿದ್ರೆ ಹಿಡ್ಕೊಳ್ಳೋಕೆ ಗಟ್ಟಿಮುಟ್ಟಾದ ಸ್ವಯಂಸೇವಕರಿದ್ದಾರೆ. ಪ್ರಜ್ಞೆ ತಪ್ಪಿದವರಿಗೆ ಪಕ್ಕದ ಕೋಣೇಲಿ ಚಾಪೆ ಹಾಸಿದ್ದೀವಿ. ರಕ್ತ ನಿಲ್ಲದಿದ್ರೆ ಆಂಬುಲೆನ್ಸ್ ಬಾಗಿಲಲ್ಲೇ ಇರುತ್ತೆ" ಎಂದು ಮನಸ್ಸು ತುಂಬಿ ಸಾರಿದ. (ಚಾಪೆ, ಆಂಬುಲೆನ್ಸ್ ಎರಡೂ ಅವನದೇ ಉದಾರ ಕೊಡುಗೆ.) ಹೇಳುತ್ತ ಹೇಳುತ್ತ ತನ್ನ ದವಡೆಯನ್ನೇ ಅಂಗೈಯಿಂದ ಮುಚ್ಚಿಕೊಂಡ. ದಾರಿಯುದ್ದಕ್ಕೂ ಕಿಟಕಿಗಳು ಮುಚ್ಚಿಕೊಂಡದ್ದು ಬಿಸಿಲಿಗೆಂದು ತಿಳಿದುಕೊಂಡ.

ಮರುದಿನ ತುರ್ತು ರಿಪೇರಿಯ ನೆಪ ನಡೆಯಲಿಲ್ಲ. ಹೆಂಡತಿ ಅವನನ್ನು ಎಳೆದುಕೊಂಡೇ ಬಂದಳು. ಶಾಲೆಯ ಸಭಾಂಗಣದಲ್ಲಿ ಡಾಕ್ಟರು ಬಿಳಿ ಬಟ್ಟೆಯ ಮೇಲೆ ಇಕ್ಕಳಗಳನ್ನು ಜೋಡಿಸಿಟ್ಟು ಕೈಕಟ್ಟಿ ಕೂತಿದ್ದರು. ಬ್ಯಾಡ್ಜು ಚುಚ್ಚಿಕೊಂಡ ಕ್ಲಬ್ಬಿನವರೂ ಕೂತಿದ್ದರು. ಒರಗುಕುರ್ಚಿ ಮಾತ್ರ ಖಾಲಿ. ಗೇಟಿನಾಚೆ ಜನ ದವಡೆ ಹಿಡಿದುಕೊಂಡು ನಿಂತಿದ್ದರೂ ಒಬ್ಬರೂ ಒಳಗೆ ಕಾಲಿಡಲೊಲ್ಲರು. ಆಂಬುಲೆನ್ಸ್ ಎಲ್ಲಿ ನಿಲ್ಲಿಸಿದ್ದೀರಿ ಎಂದು ಒಬ್ಬ ಅಜ್ಜಿ ಕೇಳಿದಾಗಲೇ ಹೆಂಡತಿಗೆ ವಿಷಯ ತಿಳಿದದ್ದು.

ಅವಳು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಅಧ್ಯಕ್ಷಗಿರಿ ಇವಳ ಕೈಲಾಗಲ್ಲ ಅಂದ ಕ್ಲಬ್ಬಿನವರೆಲ್ಲ ಇಲ್ಲೇ ಕೂತಿದ್ದಾರೆ ರೀ" ಎಂದಳು ಮೆಲ್ಲಗೆ. "ನೀವೇ ಅವರ ಮಾತು ನಿಜ ಮಾಡಿದ್ರಲ್ಲ."

ಅವಳ ಕಣ್ಣು ತುಂಬಿತ್ತು. ಅವನು ಖಾಲಿ ಕುರ್ಚಿಯತ್ತ ತಿರುಗಿದ. "ನಾನು ಕೂರ್ತೀನಿ" ಎಂದುಬಿಟ್ಟ. ಆಡಿದ ಮಾತು ಯಾರದೆಂದು ಆಮೇಲೆ ತಾನೇ ಸುತ್ತ ನೋಡಿದ.

ಕುರ್ಚಿ ಹಿಂದಕ್ಕೆ ವಾಲಿತು. ದೀಪ ಮುಖದ ಮೇಲೆ ಬಂತು. ಬಾಯೊಳಗೆ ಇಣುಕಿದ ಡಾಕ್ಟರು ಹೆಂಡತಿಯನ್ನು ಕರೆದು, ಇದನ್ನು ಇಷ್ಟು ದಿನ ಹೇಗೆ ಮುಚ್ಚಿಟ್ಟಿದ್ದರೆಂದು ಕೇಳಿದರು. ಅವಳು ಬಗ್ಗಿ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. ಆ ನೋಟದ ಮುಂದೆ ಡಾಕ್ಟರ ಸೂಜಿ ಅವನಿಗೆ ಚಿಕ್ಕದಾಗಿ ಕಂಡಿತು. ಕಣ್ಣು ಮುಚ್ಚಿ, ಅಂಗಡಿಯ ಬೀಗದ ಕೈ ಎಲ್ಲಿದೆಯೆಂದು ಇವಳಿಗೆ ಹೇಳದೆಯೇ ಹೋಗುತ್ತಿದ್ದೇನಲ್ಲ ಎಂದು ಕೊರಗಿದ. ಇನ್ನೂ ಕೊರಗುತ್ತಲೇ ಇದ್ದಾಗ ಡಾಕ್ಟರು ಹಲ್ಲನ್ನು ತಟ್ಟೆಯಲ್ಲಿ ತೋರಿಸಿ, ಎದ್ದೇಳಿ ಎಂದರು.

ಬಾಯಲ್ಲಿ ಹತ್ತಿ ಕಚ್ಚಿಕೊಂಡು ಅವನು ತನ್ನ ಕಾಲ ಮೇಲೇ ಹೊರಗೆ ಬಂದ. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮೈಕಿನವನೇ ಬದುಕಿ ಬಂದ. ಇನ್ನು ನಮಗೇನಾಗುತ್ತೆ, ನಡೀರಿ."

ಗೇಟು ತೆರೆದುಕೊಂಡಿತು. ಸಾಲು ರಸ್ತೆಯವರೆಗೆ ಬೆಳೆಯಿತು. ಹೆಂಡತಿ ಅವನನ್ನು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಬಂದವರಿಗೆಲ್ಲ ಬಾಯಿ ತೆರೆದು ತೋರಿಸಲು ಹೇಳಿದಳು. ಅವನು ಹೆಮ್ಮೆಯಿಂದಲೇ ತೋರಿಸಿದ. ಜನ ನಗಲಿ ಬಿಡಲಿ, ಅವಳ ಮಾನ ಉಳಿಯಿತಲ್ಲ.

ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಬಂದು ಹೆಗಲ ಮೇಲೆ ಕೈಯಿಟ್ಟಳು. ದನಿ ಬಹಳ ಮೃದುವಾಗಿತ್ತು.

"ರೀ, ಹಿಂದಿನ ಬೀದಿಯವರು ಈಗ ಬಂದ್ರು. ಕೀಳೋದನ್ನ ಕಣ್ಣಾರೆ ನೋಡಿದ್ರೇನೇ ಕೂರೋದಂತೆ. ನಿಮ್ಮ ಎಡಗಡೇನೂ ಒಂದು ತೆಗೀಲೇಬೇಕು ಅಂದ್ರು ಡಾಕ್ಟರು."

ಬೇಡವೆನ್ನಲು ಮರಗಟ್ಟಿದ ನಾಲಿಗೆ ಹೊರಳಲಿಲ್ಲ. ಅವನು ಓಡಿಬಿಡೋಣವೆಂದು ಎದ್ದ. ಗೇಟಿನ ತುಂಬ ಅವನನ್ನೇ ನಂಬಿ ಬಂದ ಜನ ನಿಂತಿದ್ದರು. ಅವನು ಎದ್ದದ್ದು ಕಂಡು ಚಪ್ಪಾಳೆ ತಟ್ಟಿದರು.