ಪ್ರಭಾರ ಚಿರತೆಯ ಹುದ್ದೆ ಮುಂದುವರಿಸುವ ಬಗ್ಗೆ

ಇಂದ:
ಕಾಂತರಾಜು, ಗೂಡ್ಸ್ ಆಟೊ ಮಾಲೀಕ ಮತ್ತು ಚಾಲಕ,
ಹ್ಯಾಂಡ್‌ಪೋಸ್ಟ್ ಪಕ್ಕದ ಹಳ್ಳಿ, ಎಚ್.ಡಿ. ಕೋಟೆ ತಾಲ್ಲೂಕು.
(ಕೆಲಸದ ಸ್ಥಳ: ಮಂಚದ ಕೆಳಗೆ)

ಗೆ:
ಮಾನ್ಯ ಚಿರತೆಯವರು,
ಮುಸುಕಿನ ಜೋಳದ ಹೊಲ, ಅಂಗನವಾಡಿಯ ಹಿಂಭಾಗ.

ವಿಷಯ: ತಾವು ಇನ್ನೂ ಕೆಲವು ದಿನ ನಮ್ಮೂರಿನಲ್ಲೇ ಉಳಿದು, ಅರ್ಜಿದಾರನು ಪ್ರಭಾರ ಚಿರತೆಯಾಗಿ ಮುಂದುವರಿಯಲು ಅವಕಾಶ ಮಾಡಿಕೊಡುವಂತೆ ಕೋರಿ.

ಉಲ್ಲೇಖ: ೧. ಅಂಗನವಾಡಿಯ ಹಿಂದೆ ಕಂಡುಬಂದ ತಮ್ಮ ಹೆಜ್ಜೆ ಗುರುತು.
೨. ಅರ್ಜಿದಾರನ ಹೆಂಡತಿ ಶ್ರೀಮತಿ ಭಾಗ್ಯರವರ ಮೌಖಿಕ ಆದೇಶ.

ಮಾನ್ಯರೇ,

ಈ ಅರ್ಜಿಯನ್ನು ಅರ್ಜಿದಾರನ ಬಾಯಿಂದ ಕೇಳಿ ಬರೆಯುತ್ತಿರುವವನು ಅದೇ ಬೀದಿಯ ಪುಟ್ಟಮಲ್ಲಪ್ಪ. ತಾಲ್ಲೂಕು ಕಚೇರಿ ಎದುರು ಕೂತು ಖಾತೆ, ಪೋಡಿ, ಪಿಂಚಣಿ ಎಂದು ಊರಿನ ಅರ್ಜಿಗಳನ್ನೆಲ್ಲ ಬರೆದ ಕೈ ಇದು. ಚಿರತೆಗೆ ಬರೆಯುತ್ತಿರುವುದು ಇದೇ ಮೊದಲು. ಭಾನುವಾರ ಕಚೇರಿಗೆ ರಜೆ ಇರುವ ಕಾರಣ ಬರೆಯುವವನ ಮನೆ ಜಗಲಿಯ ಮೇಲೆಯೇ ಇದನ್ನು ಬರೆಯಲಾಗುತ್ತಿದೆ. ಸಂಗತಿ ಈ ಕೆಳಕಂಡಂತೆ ಇರುತ್ತದೆ.

೧. ಅರ್ಜಿದಾರನಿಗೆ ಸೌಂದರ್ಯ ಉರುಫ್ ಪುಟ್ಟಿ ಎಂಬ ಒಬ್ಬಳೇ ಮಗಳು. ಇನ್ನೂ ಅಂಗನವಾಡಿಯ ವಯಸ್ಸು. ಅರ್ಜಿದಾರನು ಅವಳು ಏಳುವ ಮುಂಚೆ ಶುಂಠಿಯನ್ನೋ ಬಾಳೆಗೊನೆಯನ್ನೋ ತುಂಬಿಕೊಂಡು ಹೊರಟರೆ, ಬರುವುದು ದೀಪ ಹಚ್ಚಿದ ಮೇಲೆ. ಬಂದವನೇ ಮಗಳ ಕೈಗೆ ಮೊಬೈಲ್ ಕೊಟ್ಟು ಗೋಡೆಗೆ ಒರಗುತ್ತಿದ್ದನು. ಈ ಕಾರಣದಿಂದ, ಆಟೊ ಹಾರನ್ ಕೇಳಿದ ಕೂಡಲೇ ಸದರಿ ಮಗು "ಅವ್ವಾ, ಮೊಬೈಲ್ ಬಂತು" ಎಂದು ಕೂಗಿಕೊಂಡು ಓಡಿಬಂದು ಅಂಗಿ ಜೇಬಿಗೆ ಕೈ ಹಾಕುತ್ತಿತ್ತು. ಅಪ್ಪ ಬಂದ ಎಂದು ಒಂದು ದಿನವೂ ಹೇಳಿದ್ದಿಲ್ಲ. ಅರ್ಜಿದಾರನು ಇದನ್ನು ಸ್ಟ್ಯಾಂಡಿನಲ್ಲಿ ನಾಲ್ಕು ಜನರಿಗೆ ಹೇಳಿ ನಗುತ್ತಿದ್ದನು.

೨. ಹೀಗಿರುವಲ್ಲಿ ಮಗು ಕಣ್ಣು ಉಜ್ಜುವುದು ಜಾಸ್ತಿಯಾಗಿ, ಮೈಸೂರಿನಲ್ಲಿ ತೋರಿಸಲಾಗಿ, ಇನ್ನು ಮೊಬೈಲೂ ಬೇಡ ಟಿ.ವಿ.ಯೂ ಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಅದರ ಮಾರನೆಯ ವಾರವೇ ತಾವು ಜೋಳದ ಹೊಲಕ್ಕೆ ದಯಮಾಡಿಸಿದಿರಿ. ಒಂದು ನಾಯಿಯನ್ನೂ ತೆಗೆದುಕೊಂಡು ಹೋದಿರಿ. ಆದ್ದರಿಂದ ಅಂಗನವಾಡಿ ಮುಚ್ಚಿತು, ಮಕ್ಕಳನ್ನು ಹೊಸ್ತಿಲು ದಾಟಿಸಬೇಡಿ ಎಂದು ಮೈಕಿನಲ್ಲಿ ಸಾರಲಾಯಿತು, ಅರಣ್ಯದವರು ಮೇಕೆ ಕಟ್ಟಿದ ಬೋನು ತಂದಿಟ್ಟರು. ಭಾಗ್ಯರವರು ಗಾರ್ಮೆಂಟ್ಸ್‌ಗೆ ಹೋಗುವವರು. ಚಿರತೆ ಬಂದಿದೆ ಎಂದು ಅಲ್ಲಿ ರಜೆ ಕೊಡುವುದಿಲ್ಲ. ಕಾರಣ, ಆಟೊವನ್ನು ಗೆಳೆಯ ಮಾದೇಶನಿಗೆ ಒಪ್ಪಿಸಿ ಅರ್ಜಿದಾರನೇ ಮನೆಯಲ್ಲಿ ಉಳಿಯಬೇಕಾಗಿ ಬಂತು.

೩. ಈ ಸಂದರ್ಭದಲ್ಲಿ ಅರ್ಜಿದಾರನು ಹೆಂಡತಿಯ ಮುಂದೆ, "ನಾವೇನ್ ಮೊಬೈಲ್ ನೋಡ್ಕಂಡು ಬೆಳುದ್ವಾ? ಒಂದು ಮಗೀನ ಆಡ್ಸಕಾಗಲ್ವಾ, ಬುಡು" ಎಂದು ಹೇಳಿಕೆ ನೀಡಿರುತ್ತಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾಗ್ಯರವರು, ಹಾಗಾದರೆ ಆಡಿಸಿ ತೋರಿಸು ಎಂದು ಆದೇಶಿಸಿ, ಇಬ್ಬರ ಮೊಬೈಲನ್ನೂ ಟಿ.ವಿ.ಯ ವೈರನ್ನೂ ಬ್ಯಾಗಿಗೆ ಹಾಕಿಕೊಂಡು ಫ್ಯಾಕ್ಟರಿ ವ್ಯಾನು ಹತ್ತಿದರು.

೪. ಮಗುವನ್ನು ಆಡಿಸಲು ಅರ್ಜಿದಾರನು ಕೈಗೊಂಡ ಕ್ರಮಗಳು:

ಅ) ಕಥೆ ಹೇಳಿದ್ದು. ಅರ್ಜಿದಾರನಿಗೆ ಬರುವುದು ಕಾಗೆ ಗುಬ್ಬಕ್ಕನ ಕಥೆ ಒಂದೇ, ಅದೂ ಅರ್ಧ. ಮಿಕ್ಕ ಅರ್ಧವನ್ನು ಮಗುವೇ ಹೇಳಿ ಮುಗಿಸಿತು.

ಆ) ಚೌಕಾಬಾರ ಆಡಿದ್ದು. ಮಗು ಎಲ್ಲ ಕಾಯಿಗಳನ್ನೂ ಒಟ್ಟಿಗೇ ಹಣ್ಣು ಮಾಡಿ, ಗೆದ್ದೆ ಎಂದು ಎದ್ದುಹೋಯಿತು.

ಇ) ರಾಗಿಗೆ ಸಾಸಿವೆ ಬೆರೆಸಿ, ಬೇರೆ ಮಾಡು ನೋಡೋಣ ಎಂದು ಪಂಥ ಕಟ್ಟಿದ್ದು. ಹುರುಳಿಗೆ ಅವರೆ ಬೆರೆಸುವುದು ಬಿಟ್ಟು ರಾಗಿಗೆ ಸಾಸಿವೆ ಬೆರೆಸುವ ಬುದ್ಧಿ ಯಾವ ದೇವರು ಕೊಟ್ಟನೋ ಬರೆಯುವವನಿಗೆ ತಿಳಿಯದು. ಮಗು ಒಮ್ಮೆ ನೋಡಿ, ಆಕಳಿಸಿ, ಮಲಗಿತು. ಹೆಂಡತಿ ಬರುವುದರೊಳಗೆ ಆರಿಸಿ ಮುಗಿಸಬೇಕಾದವನು ಅರ್ಜಿದಾರನೇ ಆದನು. ಮುಗಿಯಲಿಲ್ಲ. ಆ ಮನೆಯ ಮುದ್ದೆಯಲ್ಲಿ ಇವತ್ತಿಗೂ ಸಾಸಿವೆ ಸಿಗುತ್ತದೆ.

೫. ಎದ್ದ ಮಗು ಮೊಬೈಲ್ ಬೇಕೆಂದು ಅತ್ತಿತು. ಅರ್ಜಿದಾರನ ಜೇಬು ತಡವಿ, ಖಾಲಿ ಇರುವುದನ್ನು ಖಚಿತಪಡಿಸಿಕೊಂಡು, "ಮೊಬೈಲ್ ಇಲ್ದಿದ್ರೆ ನೀನೂ ಓಗು" ಎಂದು ಗೋಡೆ ಕಡೆ ತಿರುಗಿ ಕೂತಿತು. ಇದನ್ನು ಹೇಳಿದ ಅರ್ಜಿದಾರನು, ಹೊಟ್ಟೆ ಉರಿದುಹೋಯಿತು ಎಂದು ಬರೆಯಿರಿ ಎಂದನು. ಬರೆದಿದೆ.

೬. ಆ ಬೇಸರದಲ್ಲಿ ಯಾರ ಮುಖವೂ ಬೇಡವೆಂದು ಅರ್ಜಿದಾರನು ಮಂಚದ ಕೆಳಗೆ ನುಸುಳಿ ತಣ್ಣನೆಯ ನೆಲದ ಮೇಲೆ ಬೋರಲು ಮಲಗಿದನು. ಇದು ಯಾವ ಯೋಜನೆಯೂ ಅಲ್ಲ, ಸುಸ್ತು ಮಾತ್ರ. ಗೋಡೆ ಕಡೆ ತಿರುಗಿದ್ದ ಮಗು ಮೆಲ್ಲಗೆ ಇತ್ತ ನೋಡಿತು. ಎದ್ದು ಹೋಗಿ ಮೊರ ತಂದು ಮಂಚದ ಬಾಯಿಗೆ ಅಡ್ಡ ಇಟ್ಟಿತು. ಅದಕ್ಕೆ ಸ್ಟೂಲು ಒತ್ತಿತು. ನಂತರ ಇಡೀ ಬೀದಿಗೆ ಕೇಳುವಂತೆ, "ಬೋನ್ಗೆ ಬಿತ್ತು ಕಣ್ರಪ್ಪಾ" ಎಂದು ಘೋಷಿಸಿತು. ಅರ್ಜಿದಾರನು ತಮ್ಮ ಹುದ್ದೆಯ ಪ್ರಭಾರ ವಹಿಸಿಕೊಂಡದ್ದು ಹೀಗೆ.

೭. ಅಂದಿನಿಂದ ಅರ್ಜಿದಾರನು ಸದರಿ ಹುದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಸೇವೆ ಸಲ್ಲಿಸುತ್ತಿದ್ದಾನೆ. ದಿಂಬನ್ನು ಮೇಕೆಯೆಂದು ತಿಳಿದು ಬೋನಿಗೆ ಬೀಳುವುದು, ಲಟ್ಟಣಿಗೆಯಿಂದ ಮದ್ದಿನ ಸೂಜಿ ಹೊಡೆದಾಗ ಮೂರ್ಛೆ ಹೋಗುವುದು, ಹಸಿ ಬೀನ್ಸನ್ನು ಮಾಂಸವೆಂದು ತಿನ್ನುವುದು ಕರ್ತವ್ಯಗಳಾಗಿರುತ್ತವೆ. ಮಾತಾಡುವಂತಿಲ್ಲ. ಒಂದು ದಿನ ಅಂಗನವಾಡಿಯ ವಿಮಲಮ್ಮ ಟೀಚರು ಮಗುವಿನ ಪಾಲಿನ ಮೊಟ್ಟೆ ಕೊಡಲು ಬಂದು, "ಎಲ್ಲವ್ವ ನಿಮ್ಮಪ್ಪ?" ಎಂದು ಕೇಳಲಾಗಿ, ಮಂಚದ ಕೆಳಗಿನಿಂದ ಗುರ್ ಎಂಬ ಉತ್ತರ ಬಂತು. ಟೀಚರು ಮೊಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದರು. ಅರ್ಜಿದಾರನ ತಲೆ ನೆಟ್ಟಗಿಲ್ಲವೆಂಬ ಸುದ್ದಿ ಅದೇ ಸಂಜೆ ಹ್ಯಾಂಡ್‌ಪೋಸ್ಟ್ ತಲುಪಿತು. ಮಗು ಆ ದಿನ ನಕ್ಕ ನಗುವಿನ ಮುಂದೆ ಅದೇನೂ ದೊಡ್ಡ ನಷ್ಟವಲ್ಲವೆಂದು ಅರ್ಜಿದಾರನ ಅಭಿಪ್ರಾಯ.

೮. ಮೊನ್ನೆ ಮಧ್ಯಾಹ್ನ ಮಗು ಮೊರ ಸರಿಸಿ ಬಗ್ಗಿ ನೋಡಿ, ಚಿರತೆ ಮರಿ ಅವರಪ್ಪನ ಹತ್ತಿರ ಮಲಗುತ್ತದೆಯೇ ಎಂದು ಕೇಳಿತು. ಈ ಬಗ್ಗೆ ಅರ್ಜಿದಾರನಿಗೆ ಮಾಹಿತಿ ಇರಲಿಲ್ಲ, ಇದ್ದರೂ ಮಾತಾಡುವಂತಿರಲಿಲ್ಲ. ತಲೆಯಾಡಿಸಿದನು. "ಅಂಗಾರೆ ನಾನು ಮರಿ. ಅತ್ಲಾಗ್ ಸರ್ಕೊ" ಎಂದು ಮಗು ಒಳಕ್ಕೆ ನುಸುಳಿ, ಅವನ ತೋಳಿನ ಮೇಲೆ ತಲೆಯಿಟ್ಟು ನಿದ್ದೆಹೋಯಿತು. ತೋಳು ಜೋಮು ಹಿಡಿಯಿತು, ಇರುವೆ ಕಚ್ಚಿತು. ಅರ್ಜಿದಾರನು ಅಲುಗಾಡಲಿಲ್ಲ. ಮಗಳ ತಲೆ ಇಷ್ಟು ಭಾರ ಇರುತ್ತದೆ ಎಂಬುದು ತನಗೆ ಇಲ್ಲಿಯವರೆಗೆ ಗೊತ್ತೇ ಇರಲಿಲ್ಲ ಎಂದು ಹೇಳಿಕೆ ನೀಡಿರುತ್ತಾನೆ.

೯. ಹೀಗಿರಲಾಗಿ, ತಮ್ಮ ಹೆಜ್ಜೆ ಗುರುತು ಎಲ್ಲೂ ಕಾಣದ ಕಾರಣ, ತಾವು ಕಾಡಿನ ಕಡೆ ಹೋಗಿರಬಹುದೆಂದೂ, ಸೋಮವಾರ ಅಂದರೆ ನಾಳೆ ಅಂಗನವಾಡಿ ತೆರೆಯುವುದೆಂದೂ ಮೈಕಿನಲ್ಲಿ ಸಾರಿದ್ದಾರೆ. ಊರೆಲ್ಲ ಉಸಿರು ಬಿಟ್ಟಿತು. ಅರ್ಜಿದಾರನು ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ಮಗಳಿಗೆ ವಿಷಯ ತಿಳಿಸಿದನು. "ನಾಳಿಕೆ ನೀನು ಆಟೊ ತಕ್ಕೊಂಡೋದ್ರೆ ಚಿರತೆ ಯಾರಾಯ್ತಾರೆ?" ಎಂದು ಮಗು ಕೇಳಿತು. ಅರ್ಜಿದಾರನು ಟವೆಲ್ ಹೆಗಲಿಗೆ ಹಾಕಿಕೊಂಡು ನೇರವಾಗಿ ಈ ಜಗಲಿಗೆ ಬಂದಿರುತ್ತಾನೆ.

ಆದ್ದರಿಂದ ತಾವು ದಯವಿಟ್ಟು ಇಂದು ಸಂಜೆಯೊಳಗೆ ಅಂಗನವಾಡಿಯ ಹಿಂದೆ ಮಣ್ಣು ಒದ್ದೆಯಿರುವ ಕಡೆ ಒಂದೇ ಒಂದು ಹೆಜ್ಜೆ ಗುರುತು ಮೂಡಿಸಿ, ಎಡಗಾಲೋ ಬಲಗಾಲೋ ತಮ್ಮ ಅನುಕೂಲದಂತೆ, ಮತ್ತು ಯಾರ ಮೇಕೆಯನ್ನೂ ನಾಯಿಯನ್ನೂ ಮುಟ್ಟದೆ

ಇಲ್ಲಿಗೆ ಬರುವಷ್ಟರಲ್ಲಿ ಬರೆಯುವವನ ಲೇಖನಿ ನಿಂತಿತು. ಮೂವತ್ತು ವರ್ಷದಲ್ಲಿ ಎಂತೆಂಥದ್ದೋ ಅರ್ಜಿ ಬರೆದಿದ್ದಾನೆ. ಇಂಥ ದಡ್ಡ ಅರ್ಜಿ ಬರೆದಿಲ್ಲ. ಕನ್ನಡಕ ತೆಗೆದು ಅರ್ಜಿದಾರನನ್ನು ಕೇಳಿದನು:

"ಲೋ ಕಾಂತರಾಜು, ಚಿರತೆ ಕಾಡ್ಗೋದ್ರೆ ಮಂಚಾನೂ ಓಯ್ತದೇನ್ಲಾ?"

ಅರ್ಜಿದಾರನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡನು, ಕಣ್ಣನ್ನು ಸ್ವಲ್ಪ ಜಾಸ್ತಿಯೇ ಒರೆಸಿಕೊಂಡನು. ಸಂಜೆಯ ಕೊನೆಯ ಬಾಡಿಗೆಯನ್ನು ಮಾದೇಶನಿಗೆ ಬಿಟ್ಟುಕೊಟ್ಟರೆ ಬೆಳಕಿರುವಾಗಲೇ ಮನೆ ಸೇರಬಹುದು ಎಂದು ತನ್ನಷ್ಟಕ್ಕೇ ಹೇಳಿಕೊಂಡನು. "ತಿದ್ದಿ ಬರೀರಿ ಅಣ್ಣ" ಎಂದನು. ಕಾರಣ, ವಿಷಯದ ಸಾಲನ್ನು ಹೊಡೆದುಹಾಕಿ ಈ ಕೆಳಕಂಡಂತೆ ಓದಿಕೊಳ್ಳತಕ್ಕದ್ದು:

ವಿಷಯ: ಅರ್ಜಿದಾರನನ್ನು ಚಿರತೆ ಹುದ್ದೆಯಲ್ಲಿ ಖಾಯಂಗೊಳಿಸುವ ಬಗ್ಗೆ. ಕೆಲಸದ ವೇಳೆ: ಪ್ರತಿದಿನ ಸಂಜೆ, ಭಾನುವಾರ ಪೂರ್ತಿ.

ಸದರಿ ಹುದ್ದೆ ಒಂದೇ ಇದ್ದು, ಇಬ್ಬರು ಇರಲು ನಿಯಮದಲ್ಲಿ ಅವಕಾಶವಿರುವುದಿಲ್ಲ. ಆದ್ದರಿಂದ ತಾವು ಎಲ್ಲಿದ್ದರೂ ತಿರುಗಿ ನೋಡದೆ, ಕೂಡಲೇ ಕಾಡಿಗೆ ತೆರಳಬೇಕೆಂದು ಕಳಕಳಿಯಿಂದ ಕೋರುತ್ತೇವೆ.

ತಮ್ಮ ವಿಶ್ವಾಸಿ ಸಹೋದ್ಯೋಗಿ,
ಕಾಂತರಾಜು (ಸಹಿ)

ಬರೆದವನು: ಪುಟ್ಟಮಲ್ಲಪ್ಪ

ಅಡಕಗಳು:
೧. ಎರಡೂ ಮಂಡಿ ತರಚಿರುವ ಬಗ್ಗೆ ಹೆಂಡತಿಯ ದೃಢೀಕರಣ.
೨. ಅರ್ಧ ತಿಂದ ಹಸಿ ಬೀನ್ಸ್.

ವಿಶೇಷ ಸೂಚನೆ: ಉತ್ತರ ಕಳಿಸಬೇಕಾಗಿಲ್ಲ. ಅರ್ಜಿದಾರನು ಸಂಜೆಯ ಪಾಳಿಗೆ ಹೊರಟಾಗಿದೆ. ಬೋನಿನೊಳಗೆ ಹೋದ ಮೇಲೆ ಅವನು ಯಾರಿಗೂ ಸಿಗುವುದಿಲ್ಲ.