ಒಡಪು ಹಾಕಿ ಗಂಡನನ್ನು ಹುಡುಕಿಸಿದ್ದು

ಆಗ ನನಗೆ ಐವತ್ತೆಂಟು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಖಾನಾಪುರದಿಂದ ನಮ್ಮ ಮನೆಯವರನ್ನು ಬೆಳಗಾವಿಯ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕಣ್ಣಿಗೆ ಔಷಧ ಬಿಟ್ಟು, "ಸಂಜೀತನಕಾ ಎಲ್ಲಾ ಮಸುಕು ಕಾಣ್ತೈತಿ, ಇವರನ್ನ ಒಬ್ಬರನ್ನೇ ಬಿಡಬ್ಯಾಡ್ರಿ" ಎಂದರು. ನಾನು ಅವರನ್ನು ಮೆಟ್ಟಿಲ ಮೇಲೆ ಕೂಡಿಸಿ, ಎರಡೇ ನಿಮಿಷ ಎಂದು ಬಳೆ ಅಂಗಡಿಗೆ ಹೋದೆ. ಬಳೆ ಅಂಗಡಿಯ ಎರಡು ನಿಮಿಷ ಎಷ್ಟು ಉದ್ದವೆಂದು ಹೆಂಗಸರಿಗೆ ಗೊತ್ತು. ತಿರುಗಿ ಬಂದರೆ ಮೆಟ್ಟಿಲು ಇತ್ತು, ಗಂಡ ಇರಲಿಲ್ಲ.

ಬೀದಿ ತುಂಬ ಬಸ್ಸು, ರಿಕ್ಷಾ. ಎದುರಿಗೆ ಎಮ್ಮೆ ಬಂದರೂ ಕಾಣದ ಮನುಷ್ಯ ಅವರು. ಬಳೆ ಅಂಗಡಿಗೇ ತಿರುಗಿ ಓಡಿದೆ. ಬಳೆಗಾರ್ತಿ ಧೈರ್ಯ ಹೇಳಿದಳು: "ಬಾಜೂಕ ಇಂಟರ್ನೆಟ್ ಅಂಗಡಿ ಐತೆವ್ವಾ. ಅದರಾಗ ಹುಡುಕಿದ್ರ ಸಿಗಲಾರದ್ದು ಯಾವುದೂ ಇಲ್ಲಂತ."

ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ನನಗೂ ಬರುತ್ತಿತ್ತು. ಉಳಿದದ್ದನ್ನು ಯಂತ್ರ ನೋಡಿಕೊಳ್ಳಲಿ ಎಂದು ಒಳಗೆ ಹೋದೆ.

ಅಂಗಡಿ ನಡೆಸುತ್ತಿದ್ದ ಸುನಂದಾ ಎಲ್ಲ ಕೇಳಿಸಿಕೊಂಡು, "ಹೆಸರ ಹೇಳ್ರಿ ಅವ್ವಾರ" ಎಂದಳು.

"ಯಾರದು?"

"ನಿಮ್ಮ ಮನಿಯವರದು."

ನಲವತ್ತು ವರ್ಷ ಗಂಡನ ಹೆಸರನ್ನು ಬರಿದೆ ಬಾಯಿಗೆ ತಂದವಳಲ್ಲ ನಾನು. ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಒಡಪು ಹೇಳಿದರೆ ಮಾತ್ರ ದೋಷವಿಲ್ಲ. ಮದುವೆಯಲ್ಲಿ ಹೇಳಿದ್ದೇ ನೆನಪಿತ್ತು. ಸೆರಗು ಸರಿಮಾಡಿಕೊಂಡೆ.

"ಬೆಳ್ಳಿ ಬಟ್ಟಲಾಗ ಸಕ್ಕರಿ ತುಪ್ಪಾ, ನನ್ನ ಕೈ ಹಿಡದವರು ಖಾನಾಪುರದ ಕಲ್ಲಪ್ಪಾ."

"ಕಲ್ಲಪ್ಪ ಅಂತ ಅಷ್ಟ ಹಾಕ್ಲೇನ್ರಿ?"

"ಪೂರಾ ಹಾಕವ್ವಾ. ಒಂದ ಮಾತು ಬಿಟ್ರೂ ಒಡಪು ಕೆಡತೈತಿ."

ಪಾಪ, ಒಂದೊಂದು ಪದವನ್ನೂ ಇಂಗ್ಲಿಷ್ ಮಾಡಿ ಹಾಕಿದಳು. ಯಂತ್ರ ಬಹಳ ಹೊತ್ತು ಯೋಚಿಸಿ ಬೆಳ್ಳಿ ಪಾತ್ರೆ ಮಾರುವವರನ್ನು ತೋರಿಸಿತು. ಆಮೇಲೆ ಸಕ್ಕರೆ ಕಾರ್ಖಾನೆ. ಆಮೇಲೆ ತುಪ್ಪ ಕಾಯಿಸುವ ಬಗೆ. ಅದನ್ನು ನನಗೆ ಯಂತ್ರ ಕಲಿಸಬೇಕೆ? ಬರೀ ಕಲ್ಲಪ್ಪ ಎಂದು ಹಾಕಿದರೆ ಕಲ್ಲಪ್ಪಂದಿರ ಸಂತೆಯೇ ನೆರೆಯಿತು. ಖಾನಾಪುರ ಎಂದರೆ ರೈಲಿನ ವೇಳೆ ಬಂತು.

"ಇದಕ್ಕ ಬಿಡಿ ಬಿಡಿ ಮಾತು ಗೊತ್ತು. ಎಲ್ಲಾ ಕೂಡಿ ಒಬ್ಬ ಮನಷ್ಯಾ ಅಂತ ತಿಳಿಯಂಗಿಲ್ರಿ," ಎಂದಳು ಸುನಂದಾ. "ಅವರ ಬಗ್ಗೆ ಯಾರರೇ ಎಲ್ಲೆರ ಬರದಿದ್ರ ಸಿಗತಿತ್ತು."

"ಅವರ ಬಗ್ಗೆ ಬರಿಯಾಕ ಏನೈತಿ?" ಎಂದೆ. ಅಂದವಳಿಗೆ ಯಂತ್ರ ಮಸುಕಾಗಿ ಕಂಡಿತು. ನನ್ನ ಕಣ್ಣಿಗೆ ಯಾರೂ ಔಷಧ ಬಿಟ್ಟಿರಲಿಲ್ಲ.

ಪಕ್ಕದಲ್ಲಿ ಚಹಾದಂಗಡಿ ಇಟ್ಟಿದ್ದ ಲಕ್ಷ್ಮೀಬಾಯಿ ಖಾಲಿ ಲೋಟ ಒಯ್ಯಲು ಬಂದವಳು ನಮ್ಮ ಮಾತು ಕೇಳಿ ಅಲ್ಲೇ ನಿಂತಳು. "ಖಾನಾಪುರದವರಾ? ಕಣ್ಣಿಗೆ ಔಷಧ ಬಿಟ್ಟಾರಾ? ಚಾಕ್ಕ ಸಕ್ಕರಿ ಸಾಲದು ಅಂತ ಮೂರ ಸಲ ಗೊಣಗೋ ಅಜ್ಜಾ?"

"ಅವರೇ!"

"ಒಂದ ತಾಸಿಂದ ನನ್ನ ಬೆಂಚಿನ ಮ್ಯಾಲೆ ಕುಂತಾರ. ಹೆಂಡ್ತಿ ಕಳದಾಳ ಅಂತಾರ. ಹೆಸರ ಕೇಳಿದ್ರ 'ನಮ್ಮಾಕಿ' ಅಂತಾರ. ನಾ ಯಾರನ್ನಂತ ಹುಡುಕ್ಲಿ?"

ಓಡಿದೆ. ಸಾಸರಿನಲ್ಲಿ ಚಹಾ ಊದುತ್ತ ಕೂತಿದ್ದರು. ನನ್ನ ದನಿ ಕೇಳಿ, "ಬಳಿ ತೊಗೊಂಡ್ಯೇನು?" ಎಂದರು.

ಕೈ ನೋಡಿಕೊಂಡೆ. ತೊಗೊಂಡಿರಲಿಲ್ಲ.

ಇಂದಿಗೂ ಸುಗ್ಗಿಯಾದ ಮೇಲೆ ನಮ್ಮ ಗದ್ದೆಯ ಅಕ್ಕಿ ಮೊದಲು ಲಕ್ಷ್ಮೀಬಾಯಿ ಮನೆಗೆ ಹೋಗುತ್ತದೆ, ಆಮೇಲೆ ಸುನಂದಾಳ ಮನೆಗೆ. ಒಬ್ಬಳು ನನ್ನ ಗಂಡನನ್ನು ಕೊಟ್ಟಳು. ಇನ್ನೊಬ್ಬಳು ನನ್ನ ಒಡಪು ಕೇಳಿಯೂ ನಗಲಿಲ್ಲ.

ಅಂದು ಬೆಳಗಾವಿಯಿಂದ ಬಂದ ಮರುದಿನ ಬೆಳಿಗ್ಗೆ ಎದ್ದವಳೇ ಕೊಟ್ಟಿಗೆಗೆ ಹೋದೆ. ಅವರು ಮತ್ತೆ ಕಳೆದರೆ ಕೂಗಲಿಕ್ಕಾದರೂ ಬರಬೇಕಲ್ಲ ಎಂದು ಎಮ್ಮೆಯ ಕಿವಿಯ ಹತ್ತಿರ, ಒಡಪಿಲ್ಲದೆ, "ಕಲ್ಲಪ್ಪ" ಎಂದು ನೋಡಿದೆ. ಎರಡನೆಯ ಸಲ ತುಸು ಜೋರಾಯಿತು.

"ಯಾರದು ಕರದವರು?" ಒಳಗಿನಿಂದ ಅವರ ದನಿ.

"ಎಮ್ಮಿ," ಎಂದೆ.