ಕಡ್ಡಿ ಗೀರದ ಅಮಾವಾಸ್ಯೆ

ಟಿಪ್ಪುಸಾಬನ ಅಷ್ಟೂ ಫಜೀತಿಗೆ ಕಾರಣ ಒಂದು ಕುರ್ಚಿ. ಸಿಂಹಾಸನವೇನಲ್ಲ, ಒಂದು ಕಾಲಿಗೆ ತಂತಿ ಸುತ್ತಿದ ಪ್ಲಾಸ್ಟಿಕ್ ಕುರ್ಚಿ. ಆದರೆ ಅದು ಇದ್ದದ್ದು ಬೈಲಹೊಂಗಲದ ದುಂಡಪ್ಪ ಸಾಹುಕಾರರ ತಿಜೋರಿ ಕಾರ್ಖಾನೆಯ ಗೇಟಿನಲ್ಲಿ, ಬೇವಿನ ಮರದ ಕೆಳಗೆ, ನಾಲ್ಕೂ ಕಡೆಯಿಂದ ಗಾಳಿ ಬೀಸುವ ಜಾಗದಲ್ಲಿ. ಗೇಟು ಕಾಯುತ್ತಿದ್ದ ಮುದುಕ ಕೆಲಸ ಬಿಟ್ಟು ಸಾಲಹಳ್ಳಿಯ ಮಗಳ ಮನೆಗೆ ಹೋದಮೇಲೆ ಅದು ಖಾಲಿ ಬಿದ್ದಿತ್ತು.

ಟಿಪ್ಪುಸಾಬ ಬಣ್ಣದ ಖೋಲಿಯವ. ಮದುವೆಯಲ್ಲಿ ಮಗಳ ಜೊತೆ ಕಳಿಸುವ, ಬಟ್ಟೆಬರೆ ಇಡುವ ಕಬ್ಬಿಣದ ತಿಜೋರಿಗಳಿಗೆ ಗುಲಾಬಿ ಬಣ್ಣ ಹೊಡೆಯುವುದು ಅವನ ಉದ್ಯೋಗ. ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ವರ್ಷಗಟ್ಟಲೆ ಅವನ ಮೈಗೆ ಅಂಟಿಕೊಂಡಿತ್ತು. ಸಂಜೆಯಾದರೆ ತಲೆ ಸಿಡಿಯುತ್ತಿತ್ತು, ಕೆಮ್ಮು ಬಿಡುತ್ತಿರಲಿಲ್ಲ. ಹೆಂಡತಿ ಸಾಯಿರಾ ಸ್ನಾನ ಆಗುವ ತನಕ ಅವನನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ನೆಂಟರ ಮನೆಯ ಊಟದಲ್ಲಿ ಅವನ ಎಡಬಲದ ಜಾಗ ಯಾವಾಗಲೂ ಖಾಲಿ. ಗಾಳಿ ಇದ್ದಲ್ಲಿ ಕೆಲಸ ಹುಡುಕಿಕೋ ಎಂದು ಡಾಕ್ಟರು ಹೇಳಿದಾಗಿನಿಂದ ಅವನಿಗೆ ಕನಸಿನಲ್ಲಿಯೂ ಅದೇ ಕುರ್ಚಿ.

ಅಷ್ಟರಲ್ಲಿ ಹೋದ ತಿಂಗಳು ಪರಪ್ಪನ ಬೀಡಿಯ ತುಂಡು ಥಿನ್ನರು ಒರೆಸಿದ ಅರಿವೆಯ ಮೇಲೆ ಬಿದ್ದು ಭುಗಿಲ್ಲೆಂದಿತ್ತು. ಪರಪ್ಪ ಥಿನ್ನರು ಅಳೆದು ಕೊಡುವವ. ಬೀಡಿ ಇಲ್ಲದಿದ್ದರೆ ಅವನಿಗೆ ಅಳತೆ ತಪ್ಪುತ್ತದಂತೆ. ಯಾರಿಗೂ ಪೆಟ್ಟಾಗಲಿಲ್ಲ, ಒಂದು ತಿಜೋರಿ ಮಾತ್ರ ಗುಲಾಬಿ ಹೋಗಿ ಬದನೆಕಾಯಿ ಸುಟ್ಟಹಾಗಾಯಿತು. ಸುದ್ದಿ ಬೆಳಗಾವಿ ಮುಟ್ಟಿತು. ಕಾರ್ಖಾನೆ ನೋಡಲು ಅಮಾವಾಸ್ಯೆಯ ದಿನ ಇನ್ಸ್‌ಪೆಕ್ಟರ್ ಸಂಘಮಿತ್ರಾ ಮೇಡಂ ಬರುತ್ತಾರೆಂದು ಫೋನು ಬಂತು.

ಹಿಂದಿನ ದಿನ ಸಾಹುಕಾರರು ಟಿಪ್ಪುಸಾಬನನ್ನು ಕರೆದರು. "ನಾಳಿ ಸಂಜಿತನಕ ಕಂಪೌಂಡಿನೊಳಗ ಒಂದು ಕಿಡಿ ಬೀಳದಂಗ ನೋಡ್ಕೋ. ಬಿದ್ದಿಲ್ಲಂದ್ರ ಗೇಟಿನ ಕುರ್ಚಿ ನಿಂದ."

ಟಿಪ್ಪುಸಾಬನಿಗೆ ಅಂದು ನಿದ್ದೆ ಬರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಥಿನ್ನರಿನ ಬ್ಯಾರಲ್ಲುಗಳಿಗೆಲ್ಲ ಮುಚ್ಚಳ ಬಿಗಿದ. ಒರೆಸುವ ಅರಿವೆಗಳನ್ನು ಆರಿಸಿ ಮುಚ್ಚಳದ ಡಬ್ಬಿಯಲ್ಲಿ ತುರುಕಿದ. ಬಣ್ಣದ ಖೋಲಿಯ ಬಾಗಿಲಿಗೆ ಉಸುಕಿನ ಬಕೀಟು ಸಾಲು ಇಟ್ಟ. ಅಮಾವಾಸ್ಯೆಯೆಂದು ವೆಲ್ಡಿಂಗು ಬಂದ್ ಆಗಿತ್ತು, ಅದೊಂದು ಪುಣ್ಯ. ಆಮೇಲೆ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಕಿಸೆ ತಡವಿ, ಸಿಕ್ಕ ಬೀಡಿ, ಕಡ್ಡಿಪೆಟ್ಟಿಗೆ, ಲೈಟರುಗಳನ್ನೆಲ್ಲ ನೀರಿನ ಬಕೀಟಿನಲ್ಲಿ ಮುಳುಗಿಸಿದ. ಜನ ಸತ್ತವರ ಮನೆಯ ಮುಂದೆ ನಿಂತವರಂತೆ ಬಕೀಟಿನ ಸುತ್ತ ನಿಂತು ನೋಡಿದರು. ಪರಪ್ಪ ಮಾತ್ರ ತಾನಾಗಿಯೇ ಎರಡೂ ಕೈ ಎತ್ತಿ, ಕಿಸೆ ಹೊರಗೆ ಹಾಕಿ ತೋರಿಸಿದ. ಏನೂ ಇರಲಿಲ್ಲ. ಪಾಪ, ಸುಧಾರಿಸಿದ್ದಾನೆ ಎಂದು ಟಿಪ್ಪುಸಾಬನಿಗೆ ಕರುಳು ಚುರುಕ್ಕೆಂದಿತು.

ಮೊದಲನೆಯ ದಂಗೆ ಎದ್ದದ್ದು ಚಹಾದ ರಾಚವ್ವನಿಂದ. ಅವಳ ಗ್ಯಾಸಿನ ಒಲೆ ಇದ್ದದ್ದು ಬ್ಯಾರಲ್ಲುಗಳಿದ್ದ ಗೋಡೆಗೆ ಹತ್ತಿಕೊಂಡು. ಟಿಪ್ಪುಸಾಬ ಒಲೆ, ಸಿಲಿಂಡರು ಎರಡನ್ನೂ ಕಂಪೌಂಡಿನ ಆಚೆ ಒಯ್ದು ಇಟ್ಟ. ಅಲ್ಲಿ ಗಾಳಿ ಬೀಸಿ ಬೀಸಿ ಒಲೆ ಆರಿತು, ಹಾಲು ಉಕ್ಕಲೇ ಇಲ್ಲ. ಬೀಡಿಯೂ ಇಲ್ಲದೆ ಚಹಾವೂ ಇಲ್ಲದೆ ಗಂಡಸರು ಬಿಸಿಲಿಗೆ ಬಾಡಿದ ಸೊಪ್ಪಿನಂತೆ ಕೂತರು.

ಎರಡನೆಯದು ಅದಕ್ಕಿಂತ ದೊಡ್ಡದು. ಅಮಾವಾಸ್ಯೆಗೆ ಮಷೀನು ಪೂಜೆ ಮಾಡದ ಕಾರ್ಖಾನೆ ಆ ಊರಲ್ಲಿ ಒಂದೂ ಇಲ್ಲ. ಪೂಜೆ ಮಾಡುವವಳು ಹಿರಿಯಳಾದ ರಾಚವ್ವ. ಅವಳು ಬಣ್ಣ ಹೊಡೆಯಲು ಗಾಳಿ ತುಂಬುವ ಕಂಪ್ರೆಸ್ಸರಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಊದಿನಕಡ್ಡಿ, ಕರ್ಪೂರ ತೆಗೆದಳು. ಕಂಪ್ರೆಸ್ಸರು ಇರುವುದು ಥಿನ್ನರಿನ ಮಗ್ಗುಲಿಗೆ. ಟಿಪ್ಪುಸಾಬ ಓಡಿಹೋಗಿ ಕರ್ಪೂರ ಕಸಿದುಕೊಂಡು, ಆರತಿ ತಟ್ಟೆಯಲ್ಲಿ ತನ್ನ ಬ್ಯಾಟರಿಯನ್ನು ಹೊತ್ತಿಸಿ ಇಟ್ಟ.

"ಟಿಪ್ಪುಅಣ್ಣ, ದೇವರಿಗೆ ಯಾರರ ಬ್ಯಾಟರಿ ಬೆಳಗತಾರೇನು?" ಎಂದಳು ರಾಚವ್ವ.

"ಇದೊಂದಿನ ದೇವರು ನಡಸ್ಕೋತಾನಕ್ಕ. ಥಿನ್ನರ್ ನಡಸ್ಕೊಳ್ಳಂಗಿಲ್ಲ."

ಗೊಣಗುತ್ತ ಅವಳು ಬ್ಯಾಟರಿ ಬೆಳಗಿದಳು. ಪೂಜೆ ಮುಗಿದು ಗುಂಡಿ ಒತ್ತಿದರೆ ಕಂಪ್ರೆಸ್ಸರು ಸುಮ್ಮನಿತ್ತು. ಎಲ್ಲರೂ ಟಿಪ್ಪುಸಾಬನ ಮುಖ ನೋಡಿದರು. ದೇವರು ಮುನಿದಿದ್ದಾನೆ, ನಾಳೆಯಿಂದ ಅನ್ನಕ್ಕೆ ಸಂಚಕಾರ ಎಂದು ಒಬ್ಬ ಎಂದ. ಬೆಳಿಗ್ಗೆ ಸುರಕ್ಷೆಗೆಂದು ಪ್ಲಗ್ಗು ಕಿತ್ತಿಟ್ಟವನು ತಾನೇ ಎಂಬುದು ಟಿಪ್ಪುಸಾಬನಿಗೆ ನೆನಪಾಗುವಷ್ಟರಲ್ಲಿ ರಾಚವ್ವ ಅವನ ಹೆಸರಿನಲ್ಲಿ ಒಂದು ಹರಕೆಯನ್ನೂ ಹೊತ್ತಾಗಿತ್ತು.

ಇಷ್ಟೆಲ್ಲ ದಾಟಿ ಮಧ್ಯಾಹ್ನವಾಯಿತು. ಒಂದು ಕಿಡಿಯೂ ಬಿದ್ದಿರಲಿಲ್ಲ. ಟಿಪ್ಪುಸಾಬ ಗೇಟಿನ ಕಡೆ ನೋಡಿ, ಕುರ್ಚಿಯ ಕಾಲಿಗೆ ಹೊಸ ತಂತಿ ಸುತ್ತಬೇಕೆಂದುಕೊಂಡ.

ಆಗ ಸಾಹುಕಾರರ ಕಾರಿನಿಂದ ಆಳೆತ್ತರದ ಹಿತ್ತಾಳೆಯ ದೀಪ ಇಳಿಯಿತು. ಮೇಡಂ ಬರುವುದು ಹೇಗೂ ಬರುತ್ತಾರೆ, ಅವರ ಕೈಯಿಂದಲೇ ಬೆಂಕಿ ಸುರಕ್ಷತಾ ಕಾರ್ಯಕ್ರಮದ ಉದ್ಘಾಟನೆ ಮಾಡಿಸಿಬಿಡೋಣ ಎಂದು ಸಾಹುಕಾರರು ಬ್ಯಾನರು ಮಾಡಿಸಿದ್ದರು. ನೆರಳಿದ್ದದ್ದು ಬಣ್ಣದ ಖೋಲಿಯ ಮುಂದೆ ಮಾತ್ರ, ಹಾಗಾಗಿ ದೀಪವನ್ನು ಅಲ್ಲೇ ನಿಲ್ಲಿಸಿದರು. ಒಳಗೆ ನಿನ್ನೆ ಬಣ್ಣ ಹೊಡೆದ ತಿಜೋರಿಗಳು ಒಣಗುತ್ತಿದ್ದವು. ಬಾಗಿಲಿನಿಂದ ವಾಸನೆ ಗಮ್ಮೆಂದು ಬರುತ್ತಿತ್ತು.

ಟಿಪ್ಪುಸಾಬ ಹೌಹಾರಿದ. ಇಲ್ಲಿ ದೀಪ ಬೇಡವೇ ಬೇಡ ಎಂದು ಸಾಹುಕಾರರ ಹಿಂದೆ ಮುಂದೆ ಸುತ್ತಿದ.

"ದೀಪ ಹಚ್ಚದ ಉದ್ಘಾಟನಾ ಹೆಂಗ ಆಗತೈತೋ?" ಎಂದರು ಅವರು. "ಕಾರ್ಯಕ್ರಮನ ಬೆಂಕಿದು. ಬೆಂಕಿನ ಇಲ್ಲಂದ್ರ ಮಂದಿ ನಗಂಗಿಲ್ಲೇನು?"

ಮೇಡಂ ಬಂದರು, ಹಾರ ಬಿತ್ತು, ಕೈಗೆ ಮೇಣಬತ್ತಿ ಕೊಟ್ಟರು. ಯಾರ ಹತ್ತಿರವಾದರೂ ಕಡ್ಡಿಪೆಟ್ಟಿಗೆ ಇದೆಯೇ ಎಂದು ಸಾಹುಕಾರರು ಕೇಳಿದರು. ಒಬ್ಬರೂ ಮಿಸುಕಲಿಲ್ಲ. ಬಕೀಟಿನಲ್ಲಿ ಮುಳುಗಿದ ಕಡ್ಡಿಗಳನ್ನು ನೆನೆದು ಟಿಪ್ಪುಸಾಬ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟ. ಅಷ್ಟರಲ್ಲಿ ಪರಪ್ಪ ಸಾಹುಕಾರರ ಸೇವೆಗೆ ಇದೇ ತಕ್ಕ ಸಮಯವೆಂದು ಮುಂದೆ ಬಂದು, ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಒಳಗಿನಿಂದ ಎರಡು ಬೀಡಿ ಕೆಳಗೆ ಬಿದ್ದವು. ಕಡ್ಡಿಪೆಟ್ಟಿಗೆ ಕೈಗೆ ಬಂತು.

ಪರಪ್ಪ ಕಡ್ಡಿ ಗೀರಲು ಕೈ ಎತ್ತಿದ. ಟಿಪ್ಪುಸಾಬ ಯೋಚನೆ ಮಾಡಲಿಲ್ಲ, ಯೋಚನೆಗೆ ಹೊತ್ತೂ ಇರಲಿಲ್ಲ. ಉಸುಕಿನ ಬಕೀಟು ಎತ್ತಿ ಬೀಸಿ ಸುರಿದ. ಕಡ್ಡಿ, ಪರಪ್ಪನ ಕೈ, ಹಿತ್ತಾಳೆ ದೀಪ, ಸಾಹುಕಾರರ ರೇಷ್ಮೆ ಅಂಗಿ, ಮೇಡಮ್ಮಿನ ತಲೆ, ಎಲ್ಲ ಒಂದೇ ಬಣ್ಣವಾದವು.

ಕುರ್ಚಿ ಹೋಯಿತು, ಕೆಲಸವೂ ಹೋಯಿತು, ಸಾಯಿರಾಗೆ ಏನು ಹೇಳಲಿ ಎಂದು ಟಿಪ್ಪುಸಾಬ ಖಾಲಿ ಬಕೀಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಮೇಡಂ ಕೂದಲಿನ ಉಸುಕು ಕೊಡವಿಕೊಂಡರು. ಬೆಂಕಿಯ ಬಗ್ಗೆ ಭಾಷಣ ಮಾಡಲು ಎಲ್ಲಿ ಹೋದರೂ ಮೊದಲು ಕೈಗೆ ಮೇಣಬತ್ತಿಯೇ ಕೊಡುತ್ತಾರೆ ಎಂದರು. ಇಲ್ಲಿ ವಾಸನೆ ಮೂಗಿಗೆ ಬಡಿದಿತ್ತು, ಆದರೂ ಸಾಹುಕಾರರ ಮನಸ್ಸು ನೋಯಬಾರದೆಂದು ಸುಮ್ಮನೆ ಹಿಡಿದುಕೊಂಡೆ, ತಪ್ಪು ನನ್ನದೂ ಇದೆ ಎಂದರು. ಥಿನ್ನರಿನ ಆವಿ ಕಣ್ಣಿಗೆ ಕಾಣುವುದಿಲ್ಲ, ನೆಲ ಹಿಡಿದು ಹರಿದು ಬಂದು ತಾನೇ ಬೆಂಕಿಯನ್ನು ಹುಡುಕಿಕೊಳ್ಳುತ್ತದೆ ಎಂದು ಎಲ್ಲರಿಗೂ ತಿಳಿಸಿ ಹೇಳಿದರು.

"ಸಾಹುಕಾರ್ರ, ಈ ಮನುಷ್ಯಾ ಇರಲಿಲ್ಲಂದ್ರ ನಾಳಿ ನಾವೆಲ್ಲಾ ಪೇಪರಿನಾಗ ಇರತಿದ್ವಿ," ಎಂದರು.

ಸಾಹುಕಾರರ ಎದೆ ಉಬ್ಬಿತು. ಇವನನ್ನು ಆರಿಸಿದ್ದು ತಾನೇ ಎಂದು, ನಾಳೆಯಿಂದ ಗೇಟಿನ ಕುರ್ಚಿ ಇವನಿಗೇ ಎಂದು ಘೋಷಿಸಿದರು. ಟಿಪ್ಪುಸಾಬ ಅರಿಯದೆ ಗೇಟಿನ ಕಡೆ ಒಂದು ಹೆಜ್ಜೆ ಇಟ್ಟ.

"ಗೇಟಿಗೆ?" ಮೇಡಂ ಹುಬ್ಬೇರಿಸಿದರು. "ಇಂಥಾವ್ರನ್ನ ಗೇಟಿನಾಗ ಕೂಡ್ಸಿ ಏನ್ ಮಾಡ್ತೀರಿ? ಇವ್ರು ಥಿನ್ನರಿನ ಮಗ್ಗಲದಾಗ ಇರಬೇಕು. ಕಾಯಂ."

ಖೋಲಿಗೆ ಗಾಳಿ ಹೊರಹಾಕುವ ಫ್ಯಾನು ಕೂಡಿಸಿ ಎಂದೂ ಅವರು ಹೇಳಿದರು. ದೀಪಾವಳಿ ಆಗಲ್ರಿ, ನೋಡೋಣು ಎಂದರು ಸಾಹುಕಾರರು. ಆಮೇಲೆ ಮೇಡಂ ಪರಪ್ಪನ ಕಡೆ ತಿರುಗಿದರು. ಟೊಪ್ಪಿಗೆಯಲ್ಲಿ ಬೆಂಕಿ ಹೊತ್ತು ತಿರುಗುವವನನ್ನು ಥಿನ್ನರಿನಿಂದ ಎಲ್ಲಕ್ಕಿಂತ ದೂರದ ಜಾಗದಲ್ಲಿ ಕೂಡಿಸಿ, ಇವತ್ತೇ ಕೂಡಿಸಿ ಎಂದರು.

ಎಲ್ಲಕ್ಕಿಂತ ದೂರದ ಜಾಗ ಯಾವುದೆಂದು ಎಲ್ಲರೂ ಸುತ್ತಲೂ ನೋಡಿದರು. ಗೇಟಿನ ಹತ್ತಿರ ಹೋಗಿ ಎಲ್ಲರ ಕಣ್ಣೂ ನಿಂತವು. ಪರಪ್ಪ ತಲೆ ತಗ್ಗಿಸಿ, ಶಿಕ್ಷೆ ಉಣ್ಣುವವನಂತೆ ಹೋಗಿ ಬೇವಿನ ಕೆಳಗಿನ ಕುರ್ಚಿಯಲ್ಲಿ ಕೂತ. ತಣ್ಣನೆಯ ಗಾಳಿ ಬೀಸಿತು.

ಟಿಪ್ಪುಸಾಬನಿಗೆ ಅದನ್ನು ನೋಡಲಾಗಲಿಲ್ಲ. ಮೇಡಮ್ಮಿನ ಎದುರು ಹೋಗಿ ನಿಂತ.

"ಮೇಡಂರ, ನಾನೂ ಬೀಡಿ ಸೇದತೇನ್ರಿ. ಭಾಳ ಸೇದತೇನಿ."

ಮೇಡಂ ಬೆರಗಾಗಿ ಅವನನ್ನೇ ನೋಡಿದರು. ಒಂದು ಗಳಿಗೆ ಅವನ ಭಾಗ್ಯ ತೂಗಾಡಿತು. ಆದರೆ ಬೆಳಗಿನಿಂದ ಅವನ ಮೇಲೆ ಸಿಟ್ಟಾಗಿದ್ದ ರಾಚವ್ವನ ಕಣ್ಣಲ್ಲಿ ಈಗ ನೀರು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವಳು ಮುಂದೆ ಬಂದಳು.

"ಸುಳ್ಳರಿ ಮೇಡಂರ. ಜನ್ಮದಾಗ ಬೀಡಿ ಮುಟ್ಟಿದ ಮನಶ್ಯಾ ಅಲ್ಲ ಇಂವ. ಪರಪ್ಪನ ಒಬ್ಬನ ಮಾನ ಹೋಗಬಾರದಂತ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ. ನಮ್ಮ ಟಿಪ್ಪುಅಣ್ಣ ಹಂಥಾ ದೇವರಂಥಾಂವರಿ."

ಮೇಡಂ ಚಪ್ಪಾಳೆ ತಟ್ಟಿದರು. ಸಾಹುಕಾರರು ತಟ್ಟಿದರು. ಕಾರ್ಖಾನೆಯ ಮಂದಿಯೆಲ್ಲ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಪರಪ್ಪ, ಕುರ್ಚಿಯಿಂದ ಏಳದೆ.